ಕಲ್ಯದ ಬುಸುವಿಸೆಟ್ಟಿ ಮತ್ತು ಇಪ್ಪತ್ತು ಕಾವಲಿನಾಳುಗಳು

ಬುಕ್ಕರಾಯನ 1368ರ ಶಾಸನದ ಬಗ್ಗೆ ನಾವೆಲ್ಲ ಹೈಸ್ಕೂಲಿನಲ್ಲಿ ಒಂದು ಸಾಲು ಓದಿದ್ದೇವೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಯಿತು, ವಿಜಯನಗರದ ಬುಕ್ಕರಾಯ ರಾಜಿ ಮಾಡಿಸಿದ, ಇದು ಆ ಅರಸರ ಪರಮತ ಸಹಿಷ್ಣುತೆಗೆ ಸಾಕ್ಷಿ ಅಂತ. ಎರಡು ಮಾರ್ಕಿನ ಪ್ರಶ್ನೆ. ಬರೆದು, ಮಾರ್ಕು ತೊಗೊಂಡು, ಮರೆತುಬಿಡುವಂಥದ್ದು.

ಆ ಜಗಳದ ದೂರು ಹೊತ್ತು ಅರಸನ ಹತ್ತಿರ ಹೋದವನು ಯಾರು ಅಂತ ಮಾತ್ರ ಯಾವ ಮೇಷ್ಟ್ರೂ ಕೇಳುವುದಿಲ್ಲ. ಶಾಸನದಲ್ಲಿ ಅವನ ಹೆಸರಿದೆ, ಅಪ್ಪನ ಹೆಸರಿದೆ, ಊರಿನ ಹೆಸರೂ ಇದೆ. ಅವನು ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ. ಕಲ್ಲೆಹ ಅಂದರೆ ಇವತ್ತಿನ ಕಲ್ಯ. ಬೆಂಗಳೂರಿನಿಂದ ಮಾಗಡಿ ಸುಮಾರು ಐವತ್ತು ಕಿಲೋಮೀಟರ್, ಅಲ್ಲಿಂದ ಕೆಲವೇ ಕಿಲೋಮೀಟರ್ ಹೋದರೆ ಬಂಡೆಗುಡ್ಡದ ಪಕ್ಕದಲ್ಲಿ ಕಲ್ಯ ಅನ್ನುವ ಹಳ್ಳಿ ಸಿಗುತ್ತದೆ. ಹಿಂದೆ ಬೆಂಗಳೂರು ಜಿಲ್ಲೆಯಲ್ಲಿತ್ತು, 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿತು, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರು ಬಂತು. ಶಾಸನ ಹುಟ್ಟಿದ ಕಾಲಕ್ಕೆ ಅದು ಹಳ್ಳಿಯಲ್ಲ, ಪಟ್ಟಣ. ಜೈನರು ದೊಡ್ಡ ಸಂಖ್ಯೆಯಲ್ಲಿದ್ದ ವ್ಯಾಪಾರದ ಊರು.

ಈ ಶಾಸನದ ಎರಡು ಪ್ರತಿಗಳಿವೆ. ಒಂದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಹೊಯ್ಸಳ ಒಂದನೇ ನರಸಿಂಹನ ಭಂಡಾರಿಯಾಗಿದ್ದ ಹುಳ್ಳ 1159ರಲ್ಲಿ ಕಟ್ಟಿಸಿದ ಬಸದಿ ಅದು. ಇನ್ನೊಂದು ಕಲ್ಯದಲ್ಲೇ ಇದೆ, ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟದಲ್ಲಿ ಮಾಗಡಿ 18 ಅನ್ನುವ ಸಂಖ್ಯೆಯಲ್ಲಿ ಅಚ್ಚಾಗಿದೆ. ಬೆಳಗೊಳದ್ದು ಎಲ್ಲರಿಗೂ ಗೊತ್ತು, ಕಲ್ಯದ್ದು ಶಾಸನ ಓದುವವರಿಗೆ ಮಾತ್ರ ಗೊತ್ತು.

ಇದನ್ನು ಯಾಕೆ ಈಗ ಬರೆಯುತ್ತಿದ್ದೇನೆ ಅಂದರೆ, ಕೆಲವು ತಿಂಗಳಿಂದ ಪ್ಯಾಲೆಸ್ಟೈನಿನ ಕುರಿಗಾಹಿ ಹಳ್ಳಿಗಳ ಬಗ್ಗೆ ಓದುತ್ತಿದ್ದೇನೆ. ಪಕ್ಕದ ಯಹೂದಿ ವಸಾಹತುಗಳವರ ಕಾಟ ತಡೆಯಲಾರದೆ ಊರು ಬಿಡುತ್ತಿರುವ ಹಳ್ಳಿಗಳು ಅವು. ಅಲ್ಲಿಗೆ ಇಸ್ರೇಲಿನಿಂದಲೂ ಬೇರೆ ದೇಶಗಳಿಂದಲೂ ಸ್ವಯಂಸೇವಕರು ಹೋಗಿ, ಕುರಿ ಮೇಯಿಸುವವರ ಜೊತೆ ಸುಮ್ಮನೆ ನಿಂತುಕೊಳ್ಳುತ್ತಾರೆ. ಕೈಯಲ್ಲಿ ಆಯುಧ ಇರುವುದಿಲ್ಲ, ಕ್ಯಾಮೆರಾ ಇರುತ್ತದೆ. ಓದುತ್ತಾ ಓದುತ್ತಾ ಕಲ್ಯದ ಕಲ್ಲು ನೆನಪಾಯಿತು. ಅದರಲ್ಲೂ ಕಾವಲಿನವರಿದ್ದಾರೆ, ಇಪ್ಪತ್ತು ಜನ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಶಾಸನವೇ ಬೇರೆ ಥರ ಕಾಣಿಸುತ್ತದೆ. ಮೊದಲು ಶಾಸನವನ್ನು ನೋಡೋಣ, ಆಮೇಲೆ ಆ ಗುಡ್ಡಗಳಿಗೆ ಹೋಗೋಣ.

ಕಲ್ಲು ಹೇಳುವುದೇನು

ಕಾಲ ಶಕವರ್ಷ 1290, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ. ವಿಜಯನಗರ ಹುಟ್ಟಿ ಇನ್ನೂ ಮೂವತ್ತು ಚಿಲ್ಲರೆ ವರ್ಷ. ಅದಕ್ಕೆ ಮುಂಚಿನ ಇನ್ನೂರು ವರ್ಷ ಕನ್ನಡನಾಡಿನ ಜೈನರಿಗೆ ಇಳಿಗಾಲ. ಗಂಗರ ಕಾಲದಲ್ಲೂ ಹೊಯ್ಸಳರ ಮೊದಲ ದಿನಗಳಲ್ಲೂ ಅರಮನೆ, ಸೇನೆ, ಸಾಹಿತ್ಯ ಎಲ್ಲ ಕಡೆ ಇದ್ದವರು ಒಂದೊಂದೇ ಊರಿನಲ್ಲಿ ಹಿಂದಕ್ಕೆ ಸರಿಯುತ್ತಿದ್ದರು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಏಕಾಂತದ ರಾಮಯ್ಯ ಜೈನರನ್ನು ಗೆದ್ದ ಕತೆಯನ್ನು ಹೆಮ್ಮೆಯಿಂದಲೇ ಹೇಳುತ್ತದೆ. ಒಂದು ಕಡೆ ಶೈವರು, ಇನ್ನೊಂದು ಕಡೆ ಶ್ರೀವೈಷ್ಣವರು. ಮಧ್ಯದಲ್ಲಿ ಉಳಿದವರು ಬಹುಮಟ್ಟಿಗೆ ವ್ಯಾಪಾರಿಗಳು, ಸೆಟ್ಟರು. ಕತ್ತಿಯ ಬಲ ಇಲ್ಲ, ದುಡ್ಡು ಸ್ವಲ್ಪ ಇದೆ.

ಇಂಥ ಹೊತ್ತಿನಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಈ ನಾಲ್ಕು ಊರುಗಳೂ ಸೇರಿದಂತೆ ಎಲ್ಲ ನಾಡುಗಳ ಜೈನರು ಒಟ್ಟಾಗಿ ಬುಕ್ಕರಾಯನ ಹತ್ತಿರ ಹೋಗುತ್ತಾರೆ. ನಕ್ಷೆಯಲ್ಲಿ ನೋಡಿ. ಒಂದು ತುಂಗಭದ್ರೆಯ ದಡದಲ್ಲಿ, ಒಂದು ಇಂದಿನ ಆಂಧ್ರದಲ್ಲಿ, ಒಂದು ನಮ್ಮ ಮಾಗಡಿ ಸೀಮೆಯಲ್ಲಿ. ಬಸ್ಸು, ಫೋನು ಇಲ್ಲದ ಕಾಲದಲ್ಲಿ ಇಷ್ಟು ದೂರದ ಊರುಗಳವರು ಕೂಡಿ ಒಂದು ದೂರು ಬರೆಯಬೇಕಾದರೆ ತೊಂದರೆ ಒಂದೂರಿನದ್ದಾಗಿರಲಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಪದ ಇದೆ. ಮೊದಲಿಗೆ ಶಾಸನ ಜೈನರಿಗೂ ಭಕ್ತರಿಗೂ ವಿವಾದವಾಯಿತು ಅಂತಲೇ ಶುರುವಾಗುತ್ತದೆ. ಭಕ್ತರು ಅಂದರೆ ಶ್ರೀವೈಷ್ಣವರು. ಆದರೆ ಮುಂದಿನ ಮಾತಿನಲ್ಲೇ, ಜೈನರು ಬಿನ್ನಹ ಮಾಡಿದ್ದು ಭಕ್ತರು ಮಾಡುವ ಅನ್ಯಾಯಗಳನ್ನು ಅಂತ ಹೇಳುತ್ತದೆ. ಅನ್ಯಾಯ ಅನ್ನುವ ಪದವನ್ನೇ, ಅದೂ ಬಹುವಚನದಲ್ಲಿ. ಎರಡೂ ಕಡೆ ತಪ್ಪಿದೆ, ಚಪ್ಪಾಳೆ ಎರಡು ಕೈ ಸೇರಿದರೇ ಆಗೋದು ಅಂತ ತೇಲಿಸಿಬಿಡುವುದಿಲ್ಲ. ಯಾರು ಮಾಡಿದರು, ಯಾರಿಗೆ ಆಯಿತು ಅನ್ನುವುದು ಕಲ್ಲಿನ ಮೇಲೆ ದಾಖಲಾಗಿದೆ. ಆ ಕಲ್ಲಿನ ಪ್ರಾರಂಭದ ಶ್ಲೋಕ ರಾಮಾನುಜಾಚಾರ್ಯರ ಸ್ತುತಿ ಅನ್ನುವುದನ್ನು ನೆನಪಿಟ್ಟುಕೊಂಡರೆ ಇದರ ತೂಕ ಗೊತ್ತಾಗುತ್ತದೆ.

ದೂರು ಕೇಳಿದ ಅರಸ ಯಾರನ್ನು ಕರೆಸಿದ ಅನ್ನುವ ಪಟ್ಟಿ ಅದಕ್ಕಿಂತ ಚೆನ್ನಾಗಿದೆ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆ ಈ ನಾಲ್ಕು ಮುಖ್ಯ ಕ್ಷೇತ್ರಗಳ ಆಚಾರ್ಯರು ಬಂದರು. ಅವರಷ್ಟೇ ಅಲ್ಲ. ದೇವಸ್ಥಾನದ ಕೆಲಸದವರು, ನೀರು ತರುವವರು, ಬೋವರು, ಕೊನೆಗೆ ತಿರುಕುಲ, ಜಾಂಬವಕುಲದವರ ತನಕ ಹದಿನೆಂಟು ನಾಡಿನ ಶ್ರೀವೈಷ್ಣವರೆಲ್ಲ ಬಂದರು. ತಿರುಕುಲ, ಜಾಂಬವಕುಲ ಅಂದರೆ ಇವತ್ತು ನಾವು ದಲಿತರು ಅನ್ನುವ ಸಮುದಾಯಗಳು. ಬೀದಿಯಲ್ಲಿ ಗಲಾಟೆ ಆದರೆ ಮುಂದೆ ನಿಲ್ಲುವವರು ಆಚಾರ್ಯರಲ್ಲ ಅನ್ನುವುದು ಬುಕ್ಕನಿಗೆ ಗೊತ್ತಿತ್ತು ಅಂತ ನನ್ನ ಊಹೆ. ಮೇಲಿನವರ ಸಹಿ ಹಾಕಿಸಿಕೊಂಡು ಕೈತೊಳೆದುಕೊಳ್ಳಲಿಲ್ಲ, ಎಲ್ಲರನ್ನೂ ಒಪ್ಪಂದದೊಳಕ್ಕೆ ತಂದ.

ಆಮೇಲೆ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಹಿಡಿದುಕೊಟ್ಟ. ಮದುವೆಯಲ್ಲಿ ಧಾರೆ ಎರೆದು ಹೆಣ್ಣನ್ನು ಒಪ್ಪಿಸುತ್ತಾರಲ್ಲ, ಹಾಗೆ. ಒಪ್ಪಂದದ ಅಂಶಗಳು ನನ್ನ ಮಾತಿನಲ್ಲಿ ಹೀಗಿವೆ.

ಜೈನರಿಗೆ ಹಿಂದಿನಿಂದ ನಡೆದು ಬಂದಂತೆ ಪಂಚಮಹಾವಾದ್ಯಗಳೂ ಕಳಶವೂ ಸಲ್ಲಬೇಕು. ಅಂದರೆ ಮೆರವಣಿಗೆಯಲ್ಲಿ ವಾದ್ಯ ಬಾರಿಸುವ ಹಕ್ಕು. ವಾದ್ಯದ ಸದ್ದಿಗೆ ಜಗಳ ಆಗುವುದು ನಮಗೇನೂ ಹೊಸದಲ್ಲ ಬಿಡಿ.

ಭಕ್ತರ ಕಡೆಯಿಂದ ಜೈನದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಆದರೆ, ಅದನ್ನು ತಮ್ಮ ದರ್ಶನಕ್ಕೇ ಆದ ಹಾನಿ, ವೃದ್ಧಿ ಅಂತ ವೈಷ್ಣವರು ಎಣಿಸಬೇಕು.

ರಾಜ್ಯದಲ್ಲಿರುವ ಎಲ್ಲ ಬಸದಿಗಳಲ್ಲೂ ಈ ಶಾಸನವನ್ನು ಶ್ರೀವೈಷ್ಣವರೇ ನೆಡಿಸಬೇಕು. ಸೂರ್ಯಚಂದ್ರರಿರುವ ತನಕ ಜೈನದರ್ಶನವನ್ನು ತಾವೇ ಕಾಪಾಡಿಕೊಂಡು ಬರಬೇಕು.

ತಪ್ಪಿದವರಿಗೆ ರಾಜದ್ರೋಹಿ, ಸಂಘಕ್ಕೆ ದ್ರೋಹಿ ಅನ್ನುವ ಶಾಪ. ಸನ್ಯಾಸಿಯಾಗಲಿ ಊರ ಮುಖ್ಯಸ್ಥನಾಗಲಿ, ಯಾರಿಗೂ ವಿನಾಯಿತಿ ಇಲ್ಲ.

ನಾನು ದಿನವೆಲ್ಲ ಸಾಫ್ಟ್‌ವೇರ್ ಬರೆಯುವವನು, ಹಾಗಾಗಿ ಇದನ್ನು ಓದುವಾಗ ಬಗ್ ರಿಪೋರ್ಟು ಓದಿದ ಹಾಗೇ ಅನ್ನಿಸಿತು :) ತೊಂದರೆ ಏನು, ಯಾರಿಂದ ಆಯಿತು, ಸರಿಪಡಿಸುವ ಹೊಣೆ ಯಾರದ್ದು, ದುಡ್ಡು ಎಲ್ಲಿಂದ, ಮತ್ತೆ ಆದರೆ ಏನು, ಎಲ್ಲ ಇದೆ. ಸಹಿಷ್ಣುತೆ ಅನ್ನುವ ಪದ ಮಾತ್ರ ಎಲ್ಲೂ ಇಲ್ಲ.

ಇಪ್ಪತ್ತು ಆಳು, ಮನೆಗೊಂದು ಹಣ

ಈಗ ಕಾವಲಿನ ವಿಷಯ. ತಿರುಮಲೆಯ ತಾತಯ್ಯನವರು, ಅಂದರೆ ಶ್ರೀವೈಷ್ಣವ ಗುರುಗಳು, ರಾಜ್ಯದ ಜೈನರೆಲ್ಲರ ಒಪ್ಪಿಗೆ ಪಡೆದು ಒಂದು ಏರ್ಪಾಡು ಮಾಡುತ್ತಾರೆ. ರಾಜ್ಯದ ಪ್ರತಿಯೊಂದು ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಇಡಬೇಕು. ಮಿಕ್ಕ ದುಡ್ಡಿನಲ್ಲಿ ಪಾಳುಬಿದ್ದ ಬಸದಿಗಳಿಗೆ ಸುಣ್ಣ ಹೊಡೆಸಿ ದುರಸ್ತಿ ಮಾಡಿಸಬೇಕು.

ಆ ಇಪ್ಪತ್ತು ಕಾವಲಿನವರನ್ನು ನೇಮಿಸಬೇಕಾದವರು ವೈಷ್ಣವರು. ಯಾರ ಕಡೆಯವರಿಂದ ಭಯವಿತ್ತೋ ಅದೇ ಕಡೆಯ ಗುರು, ತನ್ನ ಜನರ ಮುಂದೆ ಕಾವಲು ನಿಲ್ಲಿಸುತ್ತಾನೆ. ಇದರ ಲೆಕ್ಕಾಚಾರ ಸರಳ. ಕಲ್ಲು ಎತ್ತಿಕೊಂಡು ಬಂದವನು ಬಾಗಿಲಲ್ಲಿ ಜೈನನನ್ನು ಕಂಡರೆ ಎಸೆದಾನು. ತನ್ನ ಗುರುವಿನ ಆಳನ್ನು ಕಂಡರೆ ಒಂದು ಗಳಿಗೆ ಯೋಚಿಸುತ್ತಾನೆ. ಕಾವಲಿನವನ ಬಲ ಅವನ ತೋಳಿನಲ್ಲಿರಲಿಲ್ಲ, ಅವನು ಯಾರ ಕಡೆಯವನು ಅನ್ನುವುದರಲ್ಲಿತ್ತು.

ಕಹಿ ಇರುವುದೂ ಇಲ್ಲೇ. ಸಂಬಳ ಕೊಟ್ಟವರು ಜೈನರು. ಅನ್ಯಾಯ ಯಾರಿಗಾಯಿತೋ ಅವರೇ ಮನೆಮನೆಯಿಂದ ದುಡ್ಡು ಎತ್ತಿ ತಮ್ಮ ರಕ್ಷಣೆ ಕೊಂಡುಕೊಳ್ಳಬೇಕಾಯಿತು. ಹಿಂದೆ ಮಾಡಿದ ಅನ್ಯಾಯಕ್ಕೆ ಯಾರಿಗೂ ದಂಡ ಬಿದ್ದ ಮಾತು ಶಾಸನದಲ್ಲಿಲ್ಲ. ಕಾವಲು ಸಿಕ್ಕಿದ್ದೂ ಬೆಳಗೊಳಕ್ಕೆ. ದೂರು ಕೊಂಡೊಯ್ದ ಕಲ್ಲೆಹಕ್ಕೆ ಆಳು ಇಟ್ಟ ಮಾತಿಲ್ಲ, ಸಿಕ್ಕಿದ್ದು ಶಾಸನದ ಕಲ್ಲು.

ಶಾಸನದ ಕೊನೆಗೆ ಬುಸುವಿಸೆಟ್ಟಿ ಬರುತ್ತಾನೆ. ಅವನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನವರನ್ನು ಕರೆತಂದು, ಜೀರ್ಣೋದ್ಧಾರ ಮಾಡಿಸಿದ. ಆಮೇಲೆ ಎರಡೂ ಸಮಯದವರು ಸೇರಿ ಅವನಿಗೆ ಸಂಘನಾಯಕ ಅನ್ನುವ ಪಟ್ಟ ಕಟ್ಟಿದರು. ದೂರು ಕೊಟ್ಟವನಿಗೆ ಎದುರು ಪಕ್ಷದವರೂ ಸೇರಿ ಪಟ್ಟ ಕಟ್ಟುವುದು ಅಂದರೇನು ಯೋಚಿಸಿ. ಇವತ್ತು ಯಾವುದೇ ಊರಿನಲ್ಲಿ ಬಹುಸಂಖ್ಯಾತರ ಮೇಲೆ ದೂರು ಕೊಟ್ಟವನಿಗೆ ಸಿಗುವ ಮರ್ಯಾದೆ ನಮಗೆಲ್ಲ ಗೊತ್ತಿರುವಂಥದ್ದೇ.

ಇನ್ನೆರಡು ತೀರ್ಮಾನಗಳು

ಬುಕ್ಕನ ತೀರ್ಮಾನ ಆಕಾಶದಿಂದ ಬಿದ್ದದ್ದಲ್ಲ. ಐದು ವರ್ಷ ಮುಂಚೆ, 1363ರಲ್ಲಿ, ಮಲೆನಾಡಿನ ತಡತಾಳದ ಪಾರ್ಶ್ವನಾಥ ಬಸದಿಯ ಭೂಮಿಯ ಎಲ್ಲೆ ಎಲ್ಲಿಯತನಕ ಅನ್ನುವ ಜಗಳ ಆರಗದ ಚಾವಡಿಗೆ ಬಂದಿತ್ತು. ಅಧಿಕಾರಿಗಳು, ನಾಡಿನವರು ಕೂತು ವಿಚಾರಣೆ ಮಾಡಿ, ಹಳೆಯ ಎಲ್ಲೆಯೇ ಸರಿ ಅಂತ ತೀರ್ಮಾನಿಸಿ ಶಾಸನ ಹಾಕಿಸಿದರು. ನೆಲದ ಜಗಳಕ್ಕೆ ವಿಚಾರಣೆ, ಎಲ್ಲೆಗೆ ಕಲ್ಲು. ಅಷ್ಟು ಸಾಕಾಗಿತ್ತು.

ಇನ್ನೊಂದು 1638ರದ್ದು, ಹಳೇಬೀಡಿನದ್ದು. ಹುಚ್ಚಪ್ಪದೇವ ಅನ್ನುವ ವೀರಶೈವ ವಿಜಯಪಾರ್ಶ್ವನಾಥ ಬಸದಿಯ ಕಂಬಗಳಿಗೆ ಲಿಂಗಮುದ್ರೆ ಒತ್ತಿದ. ವಿಜಯಪ್ಪ ಅನ್ನುವ ಜೈನ ಅದನ್ನು ಅಳಿಸಿದ. ದೊಡ್ಡ ಗಲಾಟೆಯಾಗಿ, ಎರಡೂ ಕಡೆಯ ಹಿರಿಯರು ಸೇರಿ ತೀರ್ಮಾನಿಸಿದರು. ಜೈನರು ಮೊದಲು ವೀರಶೈವ ಕ್ರಮದಂತೆ ವಿಭೂತಿ ಕೊಡಬೇಕು, ಆಮೇಲೆ ತಮ್ಮ ಪಾರ್ಶ್ವನಾಥನ ಪೂಜೆ ಮಾಡಿಕೊಳ್ಳಬಹುದು. ಅದಕ್ಕೆ ಅಡ್ಡಿ ಮಾಡಿದ ವೀರಶೈವನೂ ಶಿವದ್ರೋಹಿ ಅಂತ ಸೇರಿಸಿದ್ದಾರೆ. ಇದೂ ರಾಜಿಯೇ, ಶಾಂತಿಯೂ ಆಯಿತು. ಆದರೆ ತನ್ನ ಬಸದಿಯಲ್ಲಿ ಪೂಜೆ ಮಾಡಲು ಅನುಮತಿಯ ಸುಂಕ ಕಟ್ಟಬೇಕಾದವನು ಜೈನನೇ. 1368ಕ್ಕೂ 1638ಕ್ಕೂ ಇರುವ ವ್ಯತ್ಯಾಸ ಇದು. ಎರಡನ್ನೂ ಸೌಹಾರ್ದ ಅನ್ನುವ ಒಂದೇ ಚೀಲಕ್ಕೆ ತುಂಬಿದರೆ ಆ ವ್ಯತ್ಯಾಸ ಕಾಣುವುದಿಲ್ಲ.

ಕಲ್ಯದಿಂದ ಹೆಬ್ರಾನ್ ಗುಡ್ಡಗಳಿಗೆ

ಕಲ್ಯಕ್ಕೆ ಇನ್ನೊಂದು ನೆನಪೂ ಇದೆ. ತೆಲುಗಿನಲ್ಲಿ ಬಸವಪುರಾಣ ಬರೆದ ಪಾಲ್ಕುರಿಕೆ ಸೋಮನಾಥ ಕೊನೆಗೆ ಐಕ್ಯನಾದದ್ದು ಇಲ್ಲೇ ಅಂತ ವೀರಶೈವ ಸಂಪ್ರದಾಯ ಹೇಳುತ್ತದೆ. ಆ ಪುರಾಣವನ್ನು ಭೀಮಕವಿ ಕನ್ನಡಕ್ಕೆ ತಂದದ್ದು 1369ರಲ್ಲಿ, ಅಂದರೆ ನಮ್ಮ ಶಾಸನದ ಮರುವರ್ಷ. ಅದರಲ್ಲಿ ಜೈನರನ್ನು ಸೋಲಿಸಿದ ಕತೆಗಳು ಬೇಕಾದಷ್ಟಿವೆ. ಒಂದೇ ಊರಿನಲ್ಲಿ ಗೆದ್ದವರ ಕವಿಯ ನೆನಪೂ ಇದೆ, ನೊಂದವರ ದೂರಿನ ಕಲ್ಲೂ ಇದೆ.

ಸೋಮನಾಥನ ಬಸವಪುರಾಣವನ್ನು ಇಂಗ್ಲಿಷಿಗೆ ತಂದವರಲ್ಲಿ ಒಬ್ಬರು ವೆಲ್ಚೇರು ನಾರಾಯಣರಾವ್. ಅವರ ಜೊತೆ ಸೇರಿ ತೆಲುಗು ಸಾಹಿತ್ಯದ ಬಗ್ಗೆ ಪುಸ್ತಕಗಳ ಸಾಲನ್ನೇ ಬರೆದವರು ಡೇವಿಡ್ ಶುಲ್ಮನ್. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು, ಸಂಸ್ಕೃತ, ತಮಿಳು, ತೆಲುಗು ಬಲ್ಲವರು. ಈ ಶುಲ್ಮನ್ ಹಲವಾರು ವರ್ಷ ರಜೆಯ ದಿನಗಳಲ್ಲಿ ದಕ್ಷಿಣ ಹೆಬ್ರಾನಿನ ಗುಡ್ಡಗಳಿಗೆ ಹೋಗಿ ಪ್ಯಾಲೆಸ್ಟೈನಿ ಕುರುಬರ ಜೊತೆ ನಿಂತವರು. ತಅಯುಶ್ ಅನ್ನುವ ಗುಂಪಿನವರು. 2000ದಲ್ಲಿ ಯಹೂದಿಗಳೂ ಅರಬ್ಬರೂ ಸೇರಿ ಶುರುಮಾಡಿದ ಗುಂಪು ಅದು, ಅರಬ್ಬಿಯಲ್ಲಿ ಆ ಪದಕ್ಕೆ ಕೂಡಿ ಬಾಳುವುದು ಅಂತ ಅರ್ಥ. 2016ರಲ್ಲಿ ಅವರಿಗೆ ಇಸ್ರೇಲಿನ ಅತಿ ದೊಡ್ಡ ಗೌರವವಾದ ಇಸ್ರೇಲ್ ಪ್ರಶಸ್ತಿ ಬಂತು. ಬಂದ ದುಡ್ಡನ್ನು ತಅಯುಶ್‌ಗೆ ಕೊಟ್ಟುಬಿಟ್ಟರು.

ಆ ಗುಡ್ಡಗಳ ಬದುಕು ನಮ್ಮ ಬಯಲುಸೀಮೆಯವರಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಮಳೆ ಕಡಿಮೆ, ಕಲ್ಲುನೆಲ. ಕುರಿ, ಮೇಕೆ, ಒಂದಿಷ್ಟು ಗೋಧಿ, ಆಲಿವ್ ಮರ. ಮಳೆನೀರು ಹಿಡಿದಿಡಲು ಬಂಡೆ ಕೊರೆದ ತೊಟ್ಟಿಗಳು. ಎಷ್ಟೋ ಮನೆಗಳು ಗುಹೆಗಳೇ. ಹುಲ್ಲುಗಾವಲು ಕೈತಪ್ಪಿದರೆ ಮೇವು ದುಡ್ಡು ಕೊಟ್ಟು ತರಬೇಕು, ಮೇವು ಕೊಳ್ಳಬೇಕಾದರೆ ಕುರಿ ಮಾರಬೇಕು, ಕುರಿ ಮಾರಿ ಮುಗಿದರೆ ಊರು ಬಿಡಬೇಕು. ಯಾರೂ ಬಂದು ಹೊರದಬ್ಬಬೇಕಾಗಿಲ್ಲ, ಮೇಯುವ ಜಾಗ ಮುಚ್ಚಿದರೆ ಸಾಕು.

1967ರ ಯುದ್ಧದಿಂದ ಪಶ್ಚಿಮ ದಂಡೆ ಇಸ್ರೇಲಿ ಸೇನೆಯ ಹಿಡಿತದಲ್ಲಿದೆ. 1995ರ ಓಸ್ಲೊ ಒಪ್ಪಂದದಂತೆ ಅದರಲ್ಲಿ ಶೇಕಡಾ 60ರಷ್ಟು ನೆಲ ಸಿ ವಲಯ, ಪೂರ್ತಿ ಇಸ್ರೇಲಿನ ಆಡಳಿತ. ಕುರಿಗಾಹಿ ಹಳ್ಳಿಗಳು ಬಹುಪಾಲು ಇರುವುದು ಇಲ್ಲೇ. ಮನೆ ಕಟ್ಟಲು ಪರವಾನಗಿ ಸಿಗುವುದಿಲ್ಲ ಅಂದರೂ ನಡೆದೀತು, ಕಟ್ಟಿದರೆ ಅಕ್ರಮ ಅಂತ ಕೆಡವುತ್ತಾರೆ. ಇನ್ನು 1858ರ ಒಟ್ಟೋಮನ್ ಭೂಕಾಯಿದೆಯ ಎಳೆ ಹಿಡಿದು, ಉಳುಮೆ ಮಾಡದ ನೆಲ ಸರ್ಕಾರದ್ದು ಅನ್ನುವ ವಾದ. ಕುರಿ ಮೇಯಿಸುವವನು ನೆಲ ಉಳುವುದಿಲ್ಲ, ಮೇಯಿಸುತ್ತಾನೆ. ನೂರು ವರ್ಷ ಮೇಯಿಸಿದರೂ ದಾಖಲೆಯಲ್ಲಿ ಅದು ಖಾಲಿ ನೆಲ. ಗೋಮಾಳದ ಕತೆ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಮೇಲೆ ಹೊಸದಾಗಿ ಬಂದದ್ದು ಕುರಿದೊಡ್ಡಿ ವಸಾಹತುಗಳು. ಒಂದೆರಡು ಕುಟುಂಬ, ಕೆಲವು ಹುಡುಗರು, ಒಂದು ಮಂದೆ. ಗುಡ್ಡದ ನೆತ್ತಿಯಲ್ಲಿ ಬಂದು ಕೂತು ಸುತ್ತಲಿನ ನೆಲದಲ್ಲೆಲ್ಲ ತಮ್ಮ ಕುರಿ ಬಿಡುತ್ತಾರೆ. ಸರ್ಕಾರದ ಅನುಮತಿಯಿಲ್ಲದೆ ಹುಟ್ಟಿಕೊಂಡ ಇಂಥವು ಇಸ್ರೇಲಿನ ಕಾನೂನಿನಂತೆಯೂ ಅಕ್ರಮ. ಹಳ್ಳಿಯ ಕುರುಬ ಎದುರು ಬಂದರೆ ಹೊಡೆದಾಟ, ನಾಯಿ ಛೂಬಿಡುವುದು, ನೀರಿನ ಪೈಪು ಕೊಯ್ಯುವುದು. ಸೈನಿಕರು ಬಂದರೆ ಬಹುಸಲ ವಾಪಸು ಕಳಿಸುವುದು ಕುರುಬನನ್ನೇ. ಕಾನೂನೂ ಇಬ್ಬರಿಗೆ ಬೇರೆಬೇರೆ, ವಸಾಹತಿನವನಿಗೆ ಇಸ್ರೇಲಿನ ಸಿವಿಲ್ ಕಾನೂನು, ಕುರುಬನಿಗೆ ಮಿಲಿಟರಿ ಕಾನೂನು.

ಸ್ವಯಂಸೇವಕರು ಮಾಡುವುದು ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಬೆಳಗಿನ ಜಾವ ಮಂದೆಯ ಜೊತೆ ಗುಡ್ಡಕ್ಕೆ ಹೋಗುವುದು. ರಾತ್ರಿ ಪಾಳಿಯ ಮೇಲೆ ಹಳ್ಳಿಯಲ್ಲಿ ಮಲಗುವುದು. ಯಾರಾದರೂ ಬಂದರೆ ವಿಡಿಯೊ ಮಾಡುವುದು, ಪೊಲೀಸರಿಗೆ ಫೋನ್ ಮಾಡುವುದು. ಸೈನಿಕರು ಇದು ನಿಷೇಧಿತ ವಲಯ ಅಂದರೆ ಬರೆದ ಆದೇಶ ಎಲ್ಲಿ, ನಕ್ಷೆ ಎಲ್ಲಿ, ಸಹಿ ಯಾರದು ಅಂತ ಕೇಳುವುದು. ಆಯುಧವಿಲ್ಲದೆ ಹೋಗಿ ನಡುವೆ ನಿಲ್ಲುವ ಈ ಪದ್ಧತಿಯ ಒಂದು ಬೇರು ನಮ್ಮಲ್ಲೂ ಇದೆ. ವಿನೋಬಾ ಭಾವೆ 1957ರಲ್ಲಿ ಕಟ್ಟಿದ ಶಾಂತಿಸೇನೆಯ ಅನುಭವವೂ ಸೇರಿ 1981ರಲ್ಲಿ ಪೀಸ್ ಬ್ರಿಗೇಡ್ಸ್ ಇಂಟರ್‌ನ್ಯಾಷನಲ್ ಅನ್ನುವ ಸಂಸ್ಥೆ ಹುಟ್ಟಿತು. ಅಪಾಯದಲ್ಲಿರುವವರ ಜೊತೆ ಹೊರಗಿನವರು ನಿರಾಯುಧರಾಗಿ ಇರುವುದನ್ನೇ ಅದು ಕೆಲಸವಾಗಿ ಮಾಡಿಕೊಂಡಿತು.

ಕಾವಲು ಫಲಿಸಿದ್ದು, ಸೋತದ್ದು

ಅತ್ತುವಾನಿ ಅನ್ನುವ ಹಳ್ಳಿಯಲ್ಲಿ ಶಾಲೆ ಇದೆ. ಪಕ್ಕದ ತೂಬಾ ಹಳ್ಳಿಯ ಮಕ್ಕಳು ಅಲ್ಲಿಗೆ ಹೋಗುವ ದಾರಿ ಮಾಒನ್ ವಸಾಹತು ಮತ್ತು ಅದರ ಪಕ್ಕದ ಅಕ್ರಮ ಠಾಣ್ಯದ ನಡುವೆ ಹಾದುಹೋಗುತ್ತದೆ. ಮಕ್ಕಳ ಮೇಲೆ ಕಲ್ಲು ಬೀಳುತ್ತಿತ್ತು. 2004ರಲ್ಲಿ ವಿದೇಶಿ ಸ್ವಯಂಸೇವಕರು ಮಕ್ಕಳ ಜೊತೆ ನಡೆಯಲು ಶುರುಮಾಡಿದರು. ಮುಸುಕು ಹಾಕಿಕೊಂಡು ಬಂದವರು ಅವರನ್ನೂ ಹೊಡೆದು ಆಸ್ಪತ್ರೆ ಸೇರಿಸಿದರು. ಆ ಸುದ್ದಿ ಹೊರಗೆ ಹೋದ ಮೇಲೆ, ಇಸ್ರೇಲಿನ ಸಂಸತ್ತಿನ ಸಮಿತಿಯೊಂದರ ಒತ್ತಾಯದಿಂದ, ಸೇನೆಯ ಜೀಪೇ ಮಕ್ಕಳನ್ನು ಶಾಲೆಗೆ ಬಿಡುವ ಏರ್ಪಾಡಾಯಿತು. ಅಲ್ಲಿಂದ ಸ್ವಯಂಸೇವಕರ ಕೆಲಸ ಜೀಪು ಹೊತ್ತಿಗೆ ಸರಿಯಾಗಿ ಬಂತೋ ಇಲ್ಲವೋ ಅಂತ ನೋಡಿ ಬರೆದಿಡುವುದು.

ಓದಿದಾಗ ಇಪ್ಪತ್ತು ಆಳುಗಳು ಕಣ್ಮುಂದೆ ಬಂದರು. ಯಾರ ಕಡೆಯಿಂದ ಭಯವೋ ಆ ಕಡೆಯ ಸರ್ಕಾರದ ಸೈನಿಕನೇ ಕಾವಲು. ಅವನ ಕಾವಲಿನ ಮೇಲೆ ಇನ್ನೊಬ್ಬರ ಕಣ್ಣು.

2006ರಲ್ಲಿ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ ಇನ್ನೊಂದು ಮುಖ್ಯವಾದ ತೀರ್ಪು ಕೊಟ್ಟಿತು. ರೈತರ ಮೇಲೆ ದಾಳಿಯಾಗುತ್ತದೆ ಅಂತ ರೈತರನ್ನೇ ಅವರ ಹೊಲಕ್ಕೆ ಹೋಗದಂತೆ ಸೇನೆ ತಡೆಯುತ್ತಿತ್ತು. ಪ್ಯಾಲೆಸ್ಟೈನಿ ಗ್ರಾಮಗಳ ಮುಖ್ಯಸ್ಥರ ಜೊತೆ ಯಹೂದಿ ಧರ್ಮಗುರುಗಳ ಸಂಘಟನೆಯಾದ ರಬೈಸ್ ಫಾರ್ ಹ್ಯೂಮನ್ ರೈಟ್ಸ್ ಕೂಡ ಅರ್ಜಿ ಹಾಕಿತ್ತು. ರೈತನನ್ನು ಹೊರಗಿಡುವುದು ರಕ್ಷಣೆಯಲ್ಲ, ದಾಳಿ ಮಾಡುವವನನ್ನು ತಡೆದು ರೈತನನ್ನು ಅವನ ಹೊಲದಲ್ಲೇ ಕಾಪಾಡಬೇಕಾದದ್ದು ಸೇನೆಯ ಕರ್ತವ್ಯ ಅನ್ನುವುದು ತೀರ್ಪಿನ ತಾತ್ಪರ್ಯ. ಎದುರಾಳಿಯ ಗುರುವೇ ಜೊತೆಗೆ ಬರುವುದು, ಅಧಿಕಾರದ ಬಾಗಿಲು ತಟ್ಟುವುದು. ಬುಸುವಿಸೆಟ್ಟಿ ಮಾಡಿದ್ದೂ ಇದನ್ನೇ.

ಆದರೆ ಇದು ಜಯದ ಕತೆಯಲ್ಲ. 1980ರ ದಶಕದಲ್ಲಿ ಮಸಾಫರ್ ಯತ್ತಾದ ಹಳ್ಳಿಗಳ ನೆಲವನ್ನು ಸೇನೆಯ ಗುಂಡು ಅಭ್ಯಾಸದ ವಲಯ 918 ಅಂತ ಘೋಷಿಸಿದ್ದರು. 1999ರಲ್ಲಿ ಸುಮಾರು 700 ಜನರನ್ನು ಹೊರಹಾಕಿದರು, ಮರುವರ್ಷ ನ್ಯಾಯಾಲಯದ ಮಧ್ಯಂತರ ಆದೇಶದಿಂದ ಅವರು ವಾಪಸು ಬಂದರು. ಎರಡು ದಶಕದ ನಂತರ, 2022ರ ಮೇ ತಿಂಗಳಲ್ಲಿ, ಅದೇ ನ್ಯಾಯಾಲಯ ಹೊರಹಾಕಬಹುದು ಅಂತ ತೀರ್ಪಿತ್ತಿತು. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು, ಗಾಜಾದಲ್ಲಿ ಯುದ್ಧ ಶುರುವಾಯಿತು. ಆ ಗಲಾಟೆಯ ಮರೆಯಲ್ಲಿ ಗುಡ್ಡಗಳ ಮೇಲಿನ ಕಾಟ ತುಂಬಾ ಹೆಚ್ಚಾಯಿತು. ಝನೂತಾ ಅನ್ನುವ ಹಳ್ಳಿಯ ಸುಮಾರು 250 ಜನ ಆ ತಿಂಗಳ ಕೊನೆಗೆ ಗಂಟುಮೂಟೆ ಕಟ್ಟಿದರು. 2024ರಲ್ಲಿ ನ್ಯಾಯಾಲಯ ವಾಪಸು ಹೋಗಬಹುದು ಅಂದಿತು, ಹೋದರು, ಕಾಟ ತಾಳದೆ ಮತ್ತೆ ಬಿಟ್ಟರು. ತೀರ್ಪು ಇತ್ತು, ತೀರ್ಪನ್ನು ಕಾಯುವ ಆಳು ಇರಲಿಲ್ಲ. 2025ರ ಮಾರ್ಚ್‌ನಲ್ಲಿ ಈ ಹಳ್ಳಿಗಳ ಮೇಲಿನ ನೋ ಅದರ್ ಲ್ಯಾಂಡ್ ಚಿತ್ರಕ್ಕೆ ಆಸ್ಕರ್ ಬಂತು. ಜುಲೈ 28ರಂದು ಉಮ್ಮ್ ಅಲ್-ಖೈರ್ ಹಳ್ಳಿಯಲ್ಲಿ ಆ ಚಿತ್ರಕ್ಕೆ ನೆರವಾಗಿದ್ದ ಅವದಾ ಹಥಲೀನ್ ಅನ್ನುವ ಶಿಕ್ಷಕ ಗುಂಡೇಟಿಗೆ ಸತ್ತರು. ಕ್ಯಾಮೆರಾ ಇತ್ತು, ಜಗತ್ತಿನ ಕಣ್ಣೂ ಇತ್ತು.

ಅಲ್ಲಿ ಇಲ್ಲದ್ದು, ಇಲ್ಲಿ ಇದ್ದದ್ದು

ಎರಡನ್ನೂ ಒಂದೇ ಅಂತ ಹೇಳುತ್ತಿಲ್ಲ. ಇಲ್ಲಿದ್ದದ್ದು ವಾದ್ಯ, ಕಳಶ, ಬಸದಿಯ ಜಗಳ. ಅಲ್ಲಿರುವುದು ನೆಲದ ಜಗಳ, ಎರಡು ರಾಷ್ಟ್ರಗಳ ಜಗಳ. ಬುಕ್ಕರಾಯನಿಗೆ ಜೈನರ ಊರುಗಳಲ್ಲಿ ವೈಷ್ಣವರನ್ನು ಕೂರಿಸಬೇಕು ಅನ್ನುವ ಯೋಜನೆ ಇರಲಿಲ್ಲ. ಅವನಿಗೆ ವ್ಯಾಪಾರ ನಡೆಯಬೇಕಿತ್ತು, ಹೊಸ ರಾಜ್ಯದಲ್ಲಿ ಒಳಜಗಳ ಬೇಡವಾಗಿತ್ತು. ಅಲ್ಲಿ ಆಳುವ ಸರ್ಕಾರವೇ ಒಂದು ಪಕ್ಷ. ಸ್ವಯಂಸೇವಕರಿಗೆ ಬಿನ್ನಹ ಮಾಡಲು ಬುಕ್ಕ ಇಲ್ಲ, ಅದಕ್ಕೇ ಅವರು ತಮ್ಮ ದೇಹವನ್ನೇ ಅಲ್ಲಿ ನಿಲ್ಲಿಸುತ್ತಾರೆ. ರಾಜಶಾಸನ ಇಲ್ಲದ ಕಡೆ ಇಪ್ಪತ್ತು ಆಳು ಮಾತ್ರ ಇದ್ದರೆ ಹೇಗೋ ಹಾಗೆ. ಒಂದು ಬೆಳಗ್ಗೆ ಕುರಿ ಮೇಯುತ್ತವೆ, ಒಂದು ರಾತ್ರಿ ಮಕ್ಕಳು ಮಲಗುತ್ತಾರೆ. ಅದು ಕಡಿಮೆಯಲ್ಲ, ಸಾಲುವಷ್ಟೂ ಅಲ್ಲ.

ಹಾಗಾದರೆ ಆ ಸ್ವಯಂಸೇವಕರಿಂದ ಕಲ್ಯದ ಕಲ್ಲಿನ ಬಗ್ಗೆ ತಿಳಿಯುವುದೇನು? ನನಗೆ ಕಾಣಿಸುವುದು ಇದು. ಶಾಸನದ ಜೀವಾಳ ಭೇದವಿಲ್ಲ ಅನ್ನುವ ಸಾಲಿನಲ್ಲಿಲ್ಲ, ಆ ಮಾತನ್ನು ಯಾರು ಬೇಕಾದರೂ ಆಡಬಹುದು. ಹಾನಿಯ ಲೆಕ್ಕ ಯಾರ ಖಾತೆಗೆ ಅನ್ನುವ ಸಾಲಿನಲ್ಲಿದೆ. ಜೈನರಿಗೆ ಆದ ಹಾನಿಯನ್ನು ವೈಷ್ಣವರು ತಮಗಾದ ಹಾನಿ ಅಂತ ಬರೆದುಕೊಳ್ಳಬೇಕು. ಬಲವಿರುವವರು ಹಾಗೆ ಬರೆದುಕೊಳ್ಳುವವರೆಗೆ ಯಾವ ಕಾವಲೂ ತಾತ್ಕಾಲಿಕವೇ. ಶುಲ್ಮನ್‌ರಂಥವರು ಮಾಡುತ್ತಿರುವುದು ಅದನ್ನೇ. ಅವರು ಪ್ಯಾಲೆಸ್ಟೈನಿನ ಪರ ಇಸ್ರೇಲಿನ ವಿರುದ್ಧ ನಿಂತಿದ್ದಾರೆ ಅಂತ ಅವರ ಊರಿನ ಎಷ್ಟೋ ಜನ ಬಯ್ಯುತ್ತಾರೆ. ತಮ್ಮ ಹೆಸರಿನಲ್ಲಿ ಆಗುತ್ತಿರುವ ಹಾನಿಯನ್ನು ತಮ್ಮ ಖಾತೆಗೆ ಬರೆದುಕೊಂಡಿದ್ದಾರೆ, ಅಷ್ಟೆ.

ನಾವೂ ಕೂಡ ಯಾವುದೋ ಒಂದು ವಿಷಯದಲ್ಲಿ ಬಲವಿರುವ ಕಡೆಯವರೇ. ಭಾಷೆಯೋ ಜಾತಿಯೋ ಧರ್ಮವೋ, ಕೊನೆಗೆ ಅಪಾರ್ಟ್‌ಮೆಂಟಿನ ಸಂಘವೋ. 1368ರ ಶಾಸನವನ್ನು ನಾವೆಷ್ಟು ಒಳ್ಳೆಯವರಾಗಿದ್ದೆವು ಅನ್ನುವ ಸರ್ಟಿಫಿಕೇಟಿನಂತೆ ಗೋಡೆಗೆ ಹಾಕಿಕೊಳ್ಳುವುದು ಸುಲಭ. ಆ ಕಲ್ಲು ನೆಟ್ಟಿದ್ದು ಅನ್ಯಾಯ ನಡೆದದ್ದಕ್ಕೆ, ಮತ್ತು ಕಲ್ಲೆಹದ ಒಬ್ಬ ಸೆಟ್ಟಿ ಅದನ್ನು ಅನ್ಯಾಯ ಅಂತ ಕರೆದದ್ದಕ್ಕೆ.

ಸಾವನದುರ್ಗಕ್ಕೋ ಮಾಗಡಿಯ ರಂಗನಾಥನ ಗುಡಿಗೋ ಹೋದಾಗ ಕಲ್ಯಕ್ಕೂ ಒಂದು ಗಳಿಗೆ ಹೋಗಿ ಬನ್ನಿ. ಜೊತೆಯಲ್ಲಿ ಮಕ್ಕಳಿದ್ದರೆ ಬುಕ್ಕರಾಯನ ಹೆಸರು ಅವರಿಗೆ ಶಾಲೆಯಲ್ಲೇ ಸಿಗುತ್ತದೆ, ಬುಸುವಿಸೆಟ್ಟಿಯ ಹೆಸರನ್ನು ನೀವು ಹೇಳಿ.